ಅರ್ಧ ಪುಟದ ರಿಪೋರ್ಟು

ಶಿವಶರಣಪ್ಪನವರ ಒಂದು ಹನಿ ರಕ್ತ ನೆಲಕ್ಕೆ ಬಿದ್ದರೆ ಸಾಕು, ಅಟ್ಲಾಂಟಾದ ದಿಕ್ಸೂಚಿಗಳೆಲ್ಲ ಗಕ್ಕನೆ ಅವರಿರುವ ಕಮ್ಮಿಂಗ್ ಊರಿನ ಕಡೆಗೆ ತಿರುಗುತ್ತವೆ. ಅವರ ಮನೆತನದ ನರನಾಡಿಗಳಲ್ಲಿ ಅಷ್ಟು ಕಬ್ಬಿಣ! ಮಗಳ ಮದುವೆಗೆ ಮುಂಚೆ ಬೀಗರಿಗೂ ಇದನ್ನೇ ಹೇಳಿದ್ದರು: "ನಮ್ಮ ರಕ್ತದಾಗ ರೋಗ ಕಾಲಿಟ್ರ ತುಕ್ಕು ಹಿಡದು ಸಾಯ್ತದ್ರೀ."

ಬೀಗರು ಹುಡುಗಿಯ ರಕ್ತದ ರಿಪೋರ್ಟು ಕೇಳಿದ್ದು ಸುಮ್ಮನೆ ಅಲ್ಲ. ಅವರ ಮಗ ಸೌರಭ್ ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆಯ ವಾಹಕ. ಅವನಿಗೇನೂ ತೊಂದರೆಯಿಲ್ಲ, ಹೆಂಡತಿಯೂ ವಾಹಕಳಾದರೆ ಮಾತ್ರ, ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಪಾಲು ಅಪಾಯ, ಬದುಕಿಡೀ ರಕ್ತ ಹಾಕಿಸಿಕೊಳ್ಳುವ ಪಾಡು. ಮಗಳು ಸಪ್ನಾ ರಜೆಯಲ್ಲಿ ಕಲಬುರಗಿಗೆ ಹೋದಾಗ ರಕ್ತ ಕೊಟ್ಟು ಬಂದಳು. ರಿಪೋರ್ಟು ಅಪ್ಪನ ಫೋನಿಗೆ ಬಂತು. ಅಪ್ಪ ಅದನ್ನು ಸಿಡಿಲಿಗಿಂತ ಬೇಗ ಎರಡೂ ಮನೆಯವರ ವಾಟ್ಸಾಪ್ ಗ್ರೂಪಿಗೆ ಎಸೆದರು: ನಾರ್ಮಲ್!

ಈಗ ಸಪ್ನಾ ನಾಲ್ಕು ತಿಂಗಳ ಬಸುರಿ. ಇಲ್ಲಿನ ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟು ಮತ್ತೆ ಪರೀಕ್ಷಿಸಿದರೆ, ಅವಳೂ ವಾಹಕ.

"ಲ್ಯಾಬಿನವ ಬೆನ್ನಿಗೆ ಚೂರಿ ಹಾಕ್ಯಾನ!" ಶಿವಶರಣಪ್ಪನವರ ಗರ್ಜನೆಗೆ ಲೇಕ್ ಲೇನಿಯರ್‌ನ ನೀರು ದಡ ಬಿಟ್ಟು ಹಿಂದೆ ಸರಿಯಿತು. "ನಂಬಿಸಿ ಕುತ್ತಿಗಿ ಕೊಯ್ದಾನ!"

"ಲ್ಯಾಬ್ ತಪ್ಪಲ್ಲ ಅಪ್ಪಾ," ಎಂದಳು ಸಪ್ನಾ. "ಐರನ್ ತುಂಬಾ ಕಡಿಮೆ ಇದ್ರೆ ವಾಹಕರನ್ನ ತೋರ್ಸೋ ನಂಬರ್ ಕೂಡ ಕೆಳಗಿಳಿದು, ನಾರ್ಮಲ್ ಥರ ಕಾಣ್ಬಹುದಂತೆ. ರಿಪೋರ್ಟ್ ಕೆಳಗೆ ನೋಟ್ ಇತ್ತಾ ಅಂತ ಡಾಕ್ಟರ್ ಕೇಳಿದ್ರು."

"ಐರನ್ ಕಡಿಮಿ? ನಮ್ಮ ಮನ್ಯಾಗ? ನಮ್ಮವ್ವ ಬರೀ ಕೈಲೇ ಗ್ವಾಡಿಗಿ ಮೊಳಿ ಹೊಡಿತಿದ್ಳು!"

"ಮಾವ," ಸೌರಭ್ ಮೆಲ್ಲಗೆ ತನ್ನ ಫೋನು ಮುಂದೆ ಹಿಡಿದ. "ಗ್ರೂಪಲ್ಲಿ ನೀವು ಹಾಕಿರೋದು ಅರ್ಧ ಪೇಜ್. ಕೆಳಗೆ ಡಾಕ್ಟರ್ ಸಹಿನೇ ಇಲ್ಲ."

ಸಪ್ನಾ ಅಪ್ಪನತ್ತ ತಿರುಗಿದಳು. ಹಳೆಯ ಫೋನನ್ನು ಹುಲಿ ಕಚ್ಚಿಕೊಂಡು ಹೋಯಿತೆನ್ನಲು ಅವರು ಬಾಯಿ ತೆರೆದರು. ಮಗಳ ಕೈ ಹೊಟ್ಟೆಯ ಮೇಲಿತ್ತು. ಹುಲಿ ಬರಲಿಲ್ಲ.

"ನಾನೇ ಕತ್ತರಿಸಿದೆ," ಎಂದರು. "ಮೂರು ತಿಂಗಳ ಮಾತ್ರಿ ತಗೊಂಡು ಮತ್ತ ಟೆಸ್ಟ್ ಮಾಡಸ್ರಿ ಅಂತಿತ್ತು. ಬೀಗರು ಹಿಂದ ಸರೀತಾರಂತ ಹೆದರಿದ್ನವ್ವ."

"ಎಲ್ಲಾ ಓದಿದ್ರಾ ಅಂತ ನಾನವತ್ತು ಕೇಳಿದ್ದೆ. ನೆನಪಿದ್ಯಾ?"

"ಅದ."

"ಏನಂದ್ರಿ ಆಗ?"

"ಎಲ್ಲಾ ಛಲೋ ಅದ ಅಂದೆ." ಅವರ ದನಿ ಪಕ್ಕದ ಕೋಣೆಗೂ ಕೇಳುವಂತಿರಲಿಲ್ಲ. "ಓದಿದ್ದೆ, ಸಪ್ನಾ. ಪೂರ್ತಿ ಓದಿದ್ದೆ."