ಜೀನ್ಸ್ ಚಿಂದಿಯ ಪೊಟೊಸಿ ಬೆಟ್ಟ

ಹನುಮೇಶನಿಗೆ ಸಿಟ್ಟು ಬರಲು ಕಾರಣ ಬೇಕಿರಲಿಲ್ಲ. ಸೂಜಿ ಮುರಿದರೆ ಸೂಜಿಯ ಮೇಲೆ, ಕರೆಂಟು ಹೋದರೆ ಲೈನ್‌ಮನ್ ಮೇಲೆ, ಇಬ್ಬರೂ ಸಿಗದಿದ್ದರೆ ಎದುರಿಗೆ ಕೂತವರ ಮೇಲೆ. ಆಂಧ್ರದ ಗಡಿಯೂರು ರಾಯದುರ್ಗದ ಬೆಟ್ಟದ ಬುಡದ ಓಣಿಯಲ್ಲಿ ಆರು ಹೊಲಿಗೆ ಮಿಷಿನ್ನುಗಳ ಶೆಡ್ಡು ಅವನದು. ಬಳ್ಳಾರಿಯಿಂದ ಜೀನ್ಸ್ ಬಟ್ಟೆಯ ಥಾನುಗಳು ಬರುತ್ತಿದ್ದವು, ಅವನು ಕತ್ತರಿಸುತ್ತಿದ್ದ, ಉಳಿದವರು ಹೊಲಿಯುತ್ತಿದ್ದರು. ಏಳನೇ ತರಗತಿಗೆ ಶಾಲೆ ಬಿಟ್ಟವನು ಇಪ್ಪತ್ನಾಲ್ಕಕ್ಕೆ ಆರು ಮಿಷಿನ್ನಿನ ಮಾಲೀಕ ಎಂದು ಓಣಿಯ ಜನ ಮಕ್ಕಳಿಗೆ ಅವನನ್ನು ತೋರಿಸುತ್ತಿದ್ದರು. ಹಾಗೆ ತೋರಿಸಿದಾಗಲೂ ಅವನಿಗೆ ಸಿಟ್ಟೇ ಬರುತ್ತಿತ್ತು.

ತಂಗಿ ನಾಗವೇಣಿ ಮಾತ್ರ ಅವನ ಸಿಟ್ಟಿಗೆ ಅಂಜದವಳು. ಡಿಗ್ರಿಯ ಕೊನೆಯ ವರ್ಷ. ಕಾಲೇಜಿನಲ್ಲಿ ಗಣಿ ಊರುಗಳ ಮೇಲೆ ಸೆಮಿನಾರು ಇಟ್ಟಿದ್ದರು. ಚೆನ್ನಾಗಿ ಹೇಳಿದ ಒಬ್ಬರನ್ನು ಅನಂತಪುರದ ಜಿಲ್ಲಾ ಸೆಮಿನಾರಿಗೆ ಕಳಿಸುತ್ತಾರಂತೆ. ಆ ಒಬ್ಬಳು ತಾನಾಗಬೇಕು ಎಂದು ನಾಗವೇಣಿ ತಿಂಗಳಿಂದ ಊಟ ನಿದ್ದೆ ಬಿಟ್ಟಿದ್ದಳು.

"ಅಣ್ಣಾ, ಒಂದು ಬೆಟ್ಟ ಮಾಡಿಕೊಡ್ತೀಯೇನು?" ಎಂದಳು ಒಂದು ಮಧ್ಯಾಹ್ನ ಶೆಡ್ಡಿನ ಬಾಗಿಲಲ್ಲಿ ನಿಂತು.

"ಯಾವ ಬೆಟ್ಟ? ನಮ್ಮ ಕೋಟೆ ಬೆಟ್ಟಾನಾ?"

"ಅಲ್ಲ, ಪೊಟೊಸಿದು. ದಕ್ಷಿಣ ಅಮೆರಿಕದಾಗ ಬೊಲಿವಿಯಾ ಅಂತ ದೇಶ ಐತಿ. ಅಲ್ಲೊಂದು ಬೆಳ್ಳಿ ಬೆಟ್ಟ, ಬೆಟ್ಟದ ಕೆಳಗ ಊರು."

ಮೂಲೆಯ ಮಿಷಿನ್ನಿನಲ್ಲಿ ಸೊಂಟಪಟ್ಟಿ ಹಚ್ಚುತ್ತಿದ್ದ ಹಳೇ ಟೈಲರ್ ಯರ್ರಪ್ಪ ಕಾಲು ನಿಲ್ಲಿಸಿದ. "ಬೆಳ್ಳಿ ಬೆಟ್ಟ ಅಂದ್ರ ನಾನೂ ಬರ್ತೀನವ್ವಾ. ಕಾಲುಂಗುರ ಮಾಡಿಸಲಿಲ್ಲ ಅಂತ ನಮ್ಮಾಕಿ ಇಪ್ಪತ್ತು ವರ್ಷದಿಂದ ಬೈತಾಳ."

"ಹದಿಮೂರು ಸಾವಿರ ಅಡಿ ಮ್ಯಾಲೈತಿ ಯರ್ರಪ್ಪಣ್ಣ. ಅಲ್ಲಿ ಉಸಿರಾಡಾಕ ಗಾಳಿ ಸಾಲಲ್ಲಂತ."

"ಇಲ್ಲೇನು ಸುರೀತೈತಾ?" ಎಂದಳು ದಾರ ಕತ್ತರಿಸುವ ಪಾಲಮ್ಮ, ಮೂಗಿಗೆ ಕಟ್ಟಿದ್ದ ಸೆರಗಿನ ಒಳಗಿಂದಲೇ. ನೀಲಿ ಧೂಳಿನಲ್ಲಿ ಎಲ್ಲರೂ ನಕ್ಕರು.

ನಾಗವೇಣಿ ಎರಡು ಹಾಳೆ ಚಾಚಿದಳು. ಸಭೆಯಲ್ಲಿ ತೆಲುಗಿನಲ್ಲಿ ಹೇಳಬೇಕಿದ್ದುದನ್ನು ಅಣ್ಣನಿಗೆಂದೇ ಕನ್ನಡದಲ್ಲಿ, ದುಂಡಗೆ ಬರೆದಿದ್ದಳು. "ಇದನ್ನ ಓದಿ ಆಮ್ಯಾಲ ಮಾಡು. ನಮ್ಮ ಕಡೆ ಗಣಿ ಥರಾ ಅಲ್ಲ ಅದು."

"ಗಣಿ ವಿಷಯ ನನಗ ಹೇಳಾಕ ಬಂದ್ಯಾ? ಮೂರು ವರ್ಷ ಅದಿರು ಒಡದೀನಿ."

ಅದು ನಿಜ. ಅದಿರಿನ ಲಾರಿಗಳು ಹಗಲು ರಾತ್ರಿ ಓಡುತ್ತಿದ್ದ ಕಾಲದಲ್ಲಿ ತಾಯಿ ಓಬಕ್ಕನ ಪಕ್ಕದಲ್ಲಿ ಕೂತು ಸುತ್ತಿಗೆ ಹಿಡಿದವನು ಅವನು. ಲಾರಿಗಳು ನಿಂತ ಮೇಲೆಯೇ ಜೀನ್ಸಿಗೆ ಬಂದಿದ್ದು. ಆದರೆ ಆ ಮೂರು ವರ್ಷ, ಆಮೇಲಿನ ಇಷ್ಟು ವರ್ಷ, ಒಂದು ಅಕ್ಷರದ ಗೋಜಿಗೂ ಹೋಗಿರಲಿಲ್ಲ. ಈಗ ಓದಬೇಕೆಂದರೆ ಬೆರಳಿಟ್ಟು, ತುಟಿ ಅಲ್ಲಾಡಿಸಿ, ಒಂದೊಂದೇ ಅಕ್ಷರ ಕೂಡಿಸಬೇಕು. ಯರ್ರಪ್ಪ ನೋಡುತ್ತಾನೆ. ಪಾಲಮ್ಮ ನೋಡುತ್ತಾಳೆ. ಮಾಲೀಕ ಒಂದನೇ ಕ್ಲಾಸಿನ ಕೂಸಿನಂತೆ ಓದುವುದನ್ನು ಇಡೀ ಶೆಡ್ಡು ನೋಡುತ್ತದೆ.

"ಆಯ್ತು, ಓದ್ತೀನಿ" ಎಂದು ಹಾಳೆಗಳನ್ನು ಕತ್ತರಿಯ ಕೆಳಗಿಟ್ಟ.

ಮರುದಿನ ಸಣ್ಣ ಜೇಬಿನ ಅಳತೆಯ ರಟ್ಟು ಹರಿಯಿತು. ಪ್ಯಾಂಟಿನ ಬಲಗಡೆ ದೊಡ್ಡ ಜೇಬಿನೊಳಗೆ ಇರುತ್ತದಲ್ಲ, ಆ ಜೇಬು. ಕೈಗೆ ಸಿಕ್ಕಿದ್ದು ಆ ಎರಡು ಹಾಳೆ. ಒಂದರ ಮೇಲೊಂದು ಅಂಟಿಸಿ, ಅಳತೆ ಬರೆದು, ಕತ್ತರಿಸಿಬಿಟ್ಟ. ಕತ್ತರಿಸಿದ ಮೇಲೆ ಮನಸ್ಸು ಹಗುರವಾಯಿತು. ಇನ್ನು ಓದುವ ಪ್ರಶ್ನೆಯೇ ಇಲ್ಲವಲ್ಲ.

"ಓದಿದ್ಯಾ?" ಎಂದು ನಾಗವೇಣಿ ಸಂಜೆ ಕೇಳಿದಳು.

"ಎರಡು ಸಲ."

ಮೂರು ದಿನ ಕೂತು ಬೆಟ್ಟ ಮಾಡಿದ. ಬಿದಿರಿನ ಬುಟ್ಟಿ ಬೋರಲು ಹಾಕಿ, ಮೈದಾ ಅಂಟಿನಲ್ಲಿ ಜೀನ್ಸ್ ಚಿಂದಿ ಅದ್ದಿ ಮೆತ್ತಿದ. ತಾನು ಕಂಡ ಗಣಿ ಹೇಗಿತ್ತೋ ಹಾಗೆ, ತಲೆಯಿಂದ ಕೆಳಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಕಡಿದ. ಸುತ್ತಿ ಸುತ್ತಿ ಇಳಿಯುವ ದಾರಿ, ದಾರಿಯ ಮೇಲೆ ಆಟದ ಲಾರಿ, ಎಲ್ಲದರ ಮೇಲೂ ಕೆಮ್ಮಣ್ಣು. ನೋಡಿದ ಯರ್ರಪ್ಪ, "ಏ ಹನುಮೇಶಿ, ಇದರಾಗಿಂದ ಧೂಳು ಎದ್ದು ನನಗ ಕೆಮ್ಮು ಬಂತಪ್ಪೋ" ಎಂದು ಹೊಗಳಿದ.

ನಾಗವೇಣಿ ಬೆಟ್ಟದ ಸುತ್ತ ಒಮ್ಮೆ ತಿರುಗಿದಳು. ಮುಖ ಸಣ್ಣದಾಯಿತು.

"ಅಣ್ಣಾ, ನಾನು ಬರೀ ಬಾಯಾಗ ಹೇಳ್ತೀನಿ. ಇದು ಮನ್ಯಾಗ ಇರ್ಲಿ."

"ಯಾಕ? ಆರ್ಡರ್ ನಿಲ್ಲಿಸಿ ಮಾಡೀನಿ. ನನ್ನ ಬೆಟ್ಟ ಹೊತ್ಕಂಡು ಹೋಗಾಕ ನಿನಗ ನಾಚಿಕೇನು?"

ಅವಳು ಬೆಟ್ಟದ ಮೇಲೊಂದು ಹಳೇ ಸೀರೆ ಮುಚ್ಚಿದಳು. ಬೆಳಿಗ್ಗೆ ಇಬ್ಬರೂ ಆಟೋದಲ್ಲಿ ಬೆಟ್ಟವನ್ನು ತೊಡೆಯ ಮೇಲಿಟ್ಟುಕೊಂಡು ಕಾಲೇಜಿಗೆ ಹೋದರು. ಹನುಮೇಶ ಹೊಸ ಅಂಗಿ ತೊಟ್ಟಿದ್ದ.

ಸೆಮಿನಾರು ನಡೆಸುತ್ತಿದ್ದವರು ಭೂಗೋಳದ ಸೌಭಾಗ್ಯ ಮೇಡಂ, ಮಡಕಶಿರಾ ಕಡೆಯವರು. ಮನೆಯವರಿಗೆಂದು ಹಿಂದೆ ಬೆಂಚು ಹಾಕಿಸಿದ್ದರು. ಹನುಮೇಶ ಅಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ.

ನಾಗವೇಣಿ ಹೇಳತೊಡಗಿದಳು. ಮರವೂ ಬೆಳೆಯದ ಚಳಿಯ ಎತ್ತರ. ಸಾವಿರದೈನೂರ ನಲವತ್ತೈದರಲ್ಲಿ ಅಲ್ಲಿ ಬೆಳ್ಳಿ ಸಿಕ್ಕಿತು, ಸ್ಪೇನಿನವರು ಬಂದು ಕೂತರು. ಕಲ್ಲು ಮಾತ್ರ ಇದ್ದ ಕಡೆ ನೂರು ವರ್ಷ ತುಂಬುವ ಮೊದಲೇ ಒಂದೂವರೆ ಲಕ್ಷ ಜನರ ಪಟ್ಟಣ ಎದ್ದಿತು. ಸುತ್ತಲ ಹಳ್ಳಿಗಳು ಏಳು ಗಂಡಸರಿಗೆ ಒಬ್ಬನಂತೆ ಸರದಿಯ ಮೇಲೆ ಬೆಟ್ಟಕ್ಕೆ ಆಳು ಕಳಿಸಬೇಕಿತ್ತು, ತಿಂಗಳುಗಟ್ಟಲೆ ನಡೆದು ಬರುತ್ತಿದ್ದರು. ಬೆಳ್ಳಿ ಕಡಿಮೆಯಾದ ಮೇಲೆ ತವರದ ಅದಿರು ತೆಗೆದರು. ಇವತ್ತಿಗೂ ಜನ ಗಣಿಗೆ ಇಳಿಯುತ್ತಾರೆ. ಹೊರಗೆ ಬಿದ್ದ ಕಲ್ಲಿನ ಗುಡ್ಡೆಗಳ ಮೇಲೆ ಹೆಂಗಸರು ಕೂತು, ಒಡೆದು, ಉಳಿದ ಅದಿರು ಆರಿಸುತ್ತಾರೆ.

"ಬೆಟ್ಟದ ಒಳಗೆಲ್ಲ ಸುರಂಗ. ಗೆದ್ದಲು ತಿಂದ ಮರದ ಹಾಗೆ. ಹೊರಗಿಂದ ಬೆಟ್ಟ ಬೆಟ್ಟವಾಗೇ ಕಾಣುತ್ತದೆ, ಒಳಗೆ ಏನೂ ಇಲ್ಲ. ಈಗ ಅದರ ನೆತ್ತಿ ಕುಸಿಯುತ್ತಿದೆ" ಎಂದಳು.

ಹನುಮೇಶ ಹಾಕಿದ್ದ ಕಾಲನ್ನು ಇಳಿಸಿದ. ಒಳಗೆ ಸುರಂಗವೆಂದರೆ? ಮೇಜಿನ ಮೇಲಿನ ತನ್ನ ಬೆಟ್ಟ ನೋಡಿದ. ಅದರಲ್ಲಿ ಒಂದು ತೂತೂ ಇರಲಿಲ್ಲ.

ಸೆಮಿನಾರಿಗೆ ತಾನೂ ಹೆಸರು ಕೊಟ್ಟಿದ್ದ ನವೀನ್ ಎಂಬ ಹುಡುಗ ಎದ್ದ. "ಸುರಂಗ ಅಂತೀರಿ, ಬೆಟ್ಟಕ್ಕೆ ಬಾಗಿಲೇ ಇಲ್ಲ. ಇದು ಪೊಟೊಸಿನಾ, ಬಳ್ಳಾರಿ ರೋಡಾ?"

"ಲಾರಿ ನೋಡ್ರೋ, ಸ್ಪೇನಿನ ರಾಜಂದು!" ಎಂದಿತು ಇನ್ನೊಂದು ದನಿ. ಇಡೀ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ನಾಗವೇಣಿ ಗದ್ದಲ ಇಳಿಯುವ ತನಕ ನಿಂತಳು. "ತಪ್ಪು ನನ್ನದು. ನಾನೇ ನಕ್ಷೆ ತಪ್ಪು ಬರೆದುಕೊಟ್ಟೆ. ನಮ್ಮಣ್ಣ ನಾನು ಹೇಳಿದ ಹಾಗೆ ಮಾಡಿದ."

ಹನುಮೇಶ ಎದ್ದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಸಂತೆಯಲ್ಲಿ ನಾಲ್ಕು ಕಾಸಿಗೆ ಜಗಳ ತೆಗೆದು ಓಣಿ ಒಂದು ಮಾಡುವ ಬಾಯಿ, ಅವತ್ತು ಬೀಗ ಜಡಿದಂತೆ ಕೂತಿತು. ತಂಗಿ ಅವನ ಕಡೆ ನೋಡಲೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಅನಂತಪುರಕ್ಕೆ ನವೀನನ ಹೆಸರು ಹೇಳಿದರು.

ಹನುಮೇಶ ಗೇಟು ದಾಟಿ ಕಣೇಕಲ್ಲು ರಸ್ತೆಯಲ್ಲಿ ಬಿಸಿಲಿಗೆ ನಡೆದ. ನವೀನನ ಹಲ್ಲು ಉದುರಿಸಬೇಕು ಎಂದುಕೊಂಡ. ಆ ಹುಡುಗ ಕೇಳಿದ್ದರಲ್ಲಿ ಸುಳ್ಳೇನಿತ್ತು ಎಂದು ಹುಡುಕಿದ, ಸಿಗಲಿಲ್ಲ. ಸಿಟ್ಟು ತೀರಿಸಿಕೊಳ್ಳಲು ಯಾರೂ ಸಿಗದೆ ತಿರುಗಿ ಬಂದು ಮೇಡಂ ಕೋಣೆಗೆ ನುಗ್ಗಿದ.

"ಬೆಟ್ಟದ ತಪ್ಪು ನಂದ್ರಿ! ಆಕೀದಲ್ಲ. ಆಕಿ ಹೆಸರು ಯಾಕ ಬಿಟ್ರಿ?"

"ಮೊದ್ಲು ಕೂತ್ಕಳಿ, ಕಿರುಚ್ಬ್ಯಾಡಿ" ಎಂದರು ಸೌಭಾಗ್ಯ ಮೇಡಂ. "ನಿಮ್ ತಂಗಿ ಆಗ್ಲೇ ಬಂದು ಹೇಳ್ಬುಟ್ಟು ಹೋಗವ್ಳೆ. ಅಣ್ಣ ಬತ್ತಾನೆ, ಎಲ್ಲಾ ತನ್ ಮ್ಯಾಲೆ ಹಾಕ್ಕಂತಾನೆ, ನಂಬಬ್ಯಾಡಿ ಅಂತ."

"ಸುಳ್ಳ್ರಿ ಅದು!"

"ಹಂಗಾದ್ರೆ ಬರ್ದು ಕೊಡಿ. ಪ್ರಿನ್ಸಿಪಾಲ್ರಿಗೆ ತೋರ್ಸಕ್ಕೆ ನಂಗೊಂದು ಕಾಗ್ದ ಬೇಕು."

"ಬಾಯಾಗ ಹೇಳಿದ್ರ ಸಾಲಲ್ಲೇನ್ರಿ?"

"ಬಾಯಲ್ಲಿ ಅವಳೂ ಹೇಳವ್ಳೆ."

ಬಾಗಿಲಲ್ಲಿದ್ದ ಅಟೆಂಡರ್ ವೆಂಕಟಪ್ಪ ಕೈ ಚಾಚಿದ. ಒಂದೇ ಓಣಿಯವನು. "ಕೊಡು ಹನುಮೇಶಿ, ನೀ ಹೇಳು, ನಾ ಬರೀತೀನಿ."

ಹೇಳಬೇಕಾದ ಮಾತನ್ನು ವೆಂಕಟಪ್ಪನ ಕಿವಿಗೆ ಹಾಕುವುದಕ್ಕಿಂತ ಕಾಗದಕ್ಕೆ ಹಾಕುವುದು ಮೇಲು ಎನಿಸಿತು. ಪೆನ್ನು ತಾನೇ ಹಿಡಿದ. ಸೀಮೆಸುಣ್ಣ ಹಿಡಿದು ಬಟ್ಟೆಯ ಮೇಲೆ ಕಣ್ಣುಮುಚ್ಚಿ ಗೆರೆ ಎಳೆಯುವ ಕೈ, ಒಂದು 'ನಾ' ಬರೆಯಲು ಬೆವರಿತು. ಮುಕ್ಕಾಲು ಗಂಟೆ ಹಿಡಿಯಿತು. ಬರೆದದ್ದು ಇಷ್ಟು:

"ನಾನು ಹನುಮೇಶ. ತಂಗಿ ಎರಡು ಹಾಳೆ ಬರೆದು ಕೊಟ್ಟಳು. ನನಗೆ ಸರಿಯಾಗಿ ಓದಲು ಬರಲ್ಲ. ನಾಚಿಕೆ ಆಗಿ ಓದಲಿಲ್ಲ. ಹಾಳೆ ಕತ್ತರಿಸಿ ಜೇಬಿನ ಅಳತೆ ಮಾಡಿದೆ. ಓದಿದೆ ಅಂತ ಸುಳ್ಳು ಹೇಳಿದೆ. ಸಭೆಯಲ್ಲಿ ಸುಮ್ಮನೆ ಕೂತೆ."

ಮೇಡಂ ಓದಿ ನಾಗವೇಣಿಯನ್ನು ಕರೆಸಿ ಅವಳ ಕೈಗೆ ಕೊಟ್ಟರು. ಅವಳು ನಿಂತಲ್ಲೇ ಓದಿದಳು.

"ಎರಡು ಸಲ ಓದೀನಿ ಅಂದಿದ್ದಿ."

"ಹೂಂ."

"ಕೇಳಿದ್ರ ನಾನೇ ಓದಿ ಹೇಳ್ತಿದ್ದೆನಲ್ಲ ಅಣ್ಣಾ. ಬೆಟ್ಟ ನೋಡಿ, ಓದಿಯೂ ಬೇಕಂತ ಹಿಂಗ ಮಾಡ್ಯಾನ, ನನ್ನ ಮಾತಿಗೆ ಬೆಲೀನೇ ಇಲ್ಲ ಅಂದ್ಕಂಡೆ."

ಹನುಮೇಶ ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟ.

"ನಾಳೆ ಹತ್ತು ಗಂಟೆಗೆ ಇನ್ನೊಂದ್ ಸಲ ಹೇಳು, ಬೆಟ್ಟ ಬ್ಯಾಡ" ಎಂದರು ಮೇಡಂ. "ನವೀನೂ ಹೇಳ್ಲಿ. ಯಾರು ಹೋಗ್ಬೇಕು ಅಂತ ಆಮ್ಯಾಕೆ ನೋಡನ. ಯಾಕ್ ಇನ್ನೊಂದ್ ಸಲ ಅಂತ ಕೇಳಿದ್ರೆ ಈ ಕಾಗ್ದ ಓದ್ತೀನಿ. ಆಗ್ಬೋದೇನ್ರೀ?"

ಹನುಮೇಶ ತಲೆಯಾಡಿಸಿದ. ಹೊರಗೆ ಬಂದ ಮೇಲೆ, "ನಾಳೆ ನಾನು ಬರಲ್ಲ ನಾಗೂ" ಎಂದ.

"ಬರ್ತಿ. ಮುಂದಿನ ಸಾಲಿನಾಗ ಕುಂದರ್ತಿ."

"ಎಲ್ಲಾರೂ ನಗ್ತಾರ."

"ನಗ್ಲಿ. ನಾನು ನಿಂತು ನಗಿಸ್ಕಂಡಿಲ್ಲೇನು?"

ಮರುದಿನ ಅವನು ಹಳೇ ಅಂಗಿಯಲ್ಲೇ ಮುಂದಿನ ಸಾಲಿಗೆ ಬಂದು ಕೂತ. ಯಾಕೆ ಇನ್ನೊಂದು ಸಲ ಎಂದು ನವೀನ್ ಕೇಳಿಯೇ ಕೇಳಿದ. ಮೇಡಂ ಕಾಗದವನ್ನು ಒಂದೇ ದನಿಯಲ್ಲಿ ಓದಿದರು. ಜೇಬಿನ ಅಳತೆ ಎಂಬಲ್ಲಿ ಹಿಂದೆ ಯಾರೋ ಕಿಸಕ್ಕೆಂದರು, ಆಮೇಲೆ ಇನ್ನಷ್ಟು ಜನ. ಹನುಮೇಶನ ಮುಷ್ಟಿ ಬಿಗಿಯಿತು. ಕಿವಿ ಕಾದ ಹೆಂಚಾಯಿತು. ಎದ್ದು ಹೋಗಲು ಬಾಗಿಲು ನಾಲ್ಕೇ ಹೆಜ್ಜೆ. ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತೇ ಇದ್ದ.

ನಾಗವೇಣಿ ನಗು ಪೂರಾ ನಿಲ್ಲುವ ತನಕ ಕಾದಳು. ಆಮೇಲೆ ಅಣ್ಣನ ಮುಖ ನೋಡಿಕೊಂಡೇ, ಅವನಿಗೇ ಹೇಳುವವಳಂತೆ ನಿಧಾನವಾಗಿ, ಆ ಊರು ಎಲ್ಲಿದೆ ಎಂಬಲ್ಲಿಂದ ಶುರುಮಾಡಿದಳು.