ಬೋಜಪ್ಪನ ಕಾಫಿ ಕೆಟ್ಟ ವಾರ

"ಥೂ!" ಎಂದು ಬೋಜಪ್ಪ ಬಾಯಲ್ಲಿದ್ದ ಕಾಫಿಯನ್ನು ಜಗಲಿಯಿಂದ ಅಂಗಳಕ್ಕೆ ಉಗಿದ. ಅಲ್ಲಿ ಬಿಸಿಲು ಕಾಯುತ್ತಿದ್ದ ನಾಯಿ ತನ್ನದೇನು ತಪ್ಪು ಎಂಬಂತೆ ಅವನನ್ನು ನೋಡಿ, ಎದ್ದು ಹಲಸಿನ ಮರದ ಬುಡಕ್ಕೆ ಹೋಗಿ ಮಲಗಿತು.

"ಇವತ್ತೂ ಅದೇ ಕಹಿ, ದಮಯಂತಿ. ನೀನೇ ಒಂದು ಗುಟುಕು ಕುಡ್ದ್ ನೋಡ್."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ದಮಯಂತಿಯ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಮಾತ್ರೆಯ ಪಟ್ಟಿಯನ್ನು ಅವಳು ಅಲ್ಲೇ ಸೀರೆಗೆ ಸಿಕ್ಕಿಸಿಕೊಂಡಿದ್ದಳು.

"ನಂಗೆ ಇವತ್ತ್ ನಾಲಿಗೆ ಸರಿ ಇಲ್ಲೆ," ಎಂದು ಒಳಗೆ ಸರಿದಳು.

ಗಾಳಿಬೀಡಿನಲ್ಲಿ ಬೋಜಪ್ಪನ ನಾಲಿಗೆಗೆ ದೊಡ್ಡ ಹೆಸರು. ಮನೆಗೆಂದೇ ಬಿಟ್ಟ ಅರೇಬಿಕಾ ಗಿಡಗಳ ಹಣ್ಣನ್ನು ತಾನೇ ಕೊಯ್ದು, ಮಾರುವ ಕಾಫಿಯ ಕಣದಲ್ಲೇ ಒಣಗಿಸಿ, ಹುರಿದು ಪುಡಿ ಮಾಡುವವನು. ಬೆಲ್ಲದ ಕರಿಕಾಫಿ ಒಂದು ಗುಟುಕು ಕುಡಿದರೆ ಸಾಕು, ಬೀಜ ಕಣದಲ್ಲಿ ಇಬ್ಬನಿಗೆ ಸಿಕ್ಕಿತ್ತೋ ಇಲ್ಲವೋ ಹೇಳಿಬಿಡುತ್ತಿದ್ದ. ಅಂಥವನ ಲೋಟಕ್ಕೆ ಮಾತ್ರೆ ಪುಡಿ ಮಾಡಿ ಹಾಕಿದರೆ ನಡೆಯುತ್ತದೆಯೇ? ಅದು ದಮಯಂತಿಗೆ ಮೊದಲೇ ಹೊಳೆಯಬೇಕಿತ್ತು. ಆದರೆ ಹೆದರಿದವರಿಗೆ ಹೊಳೆಯುವುದೆಲ್ಲ ಹುಚ್ಚು ಉಪಾಯಗಳೇ.

ಹೆದರಿಕೆಗೆ ಕಾರಣವೂ ಇತ್ತು. ಮೊದಲ ಗಂಡ ತೀರಿಕೊಂಡ ಮೇಲೆ ಅವಳು ಎಷ್ಟೋ ವರ್ಷ ಅಣ್ಣ ಸೋಮಯ್ಯನ ಮನೆಯ ಹಿಂದಿನ ಕೋಣೆಯಲ್ಲಿ ಕಳೆದವಳು. ಹೆಂಡತಿಯನ್ನು ಕಳೆದುಕೊಂಡಿದ್ದ ಬೋಜಪ್ಪ ಬಂದು ಕೇಳಿದಾಗ ಒಪ್ಪಿಕೊಂಡಳು. ಈ ವಯಸ್ಸಿಗೆ ಇದೆಲ್ಲ ಬೇಕಿತ್ತಾ ಎಂದವರೂ ಮದುವೆಗೆ ಬಂದು ಹಂದಿ ಸಾರು ಎರಡೆರಡು ಸಲ ಬಡಿಸಿಕೊಂಡು ಉಂಡು ಹೋದರು. ಎರಡನೇ ಸಂಸಾರ ಸುಖವಾಗಿತ್ತು. ನಿಜ ಹೇಳಬೇಕೆಂದರೆ ಮೊದಲಿನದಕ್ಕಿಂತ ಸುಖವಾಗಿತ್ತು. ಅಷ್ಟರಲ್ಲಿ ಈ ತುರಿಕೆ, ಉರಿ, ಕೆಟ್ಟ ವಾಸನೆಯ ಹಳದಿ ಸ್ರಾವ ಶುರುವಾಯಿತು. ಮಡಿಕೇರಿಯ ಡಾಕ್ಟರ್ ಶರಣ್ಯಾ ಅವರ ಕ್ಲಿನಿಕ್ಕಿಗೆ ಯಾರಿಗೂ ಹೇಳದೆ ಹೋಗಿ ಮಾತ್ರೆ ತಂದು ನುಂಗಿದಳು. ವಾಸಿಯಾಯಿತು. ಉಸ್ಸಪ್ಪ ಎನ್ನುವಷ್ಟರಲ್ಲಿ ಮತ್ತೆ ಬಂತು.

ಎರಡನೇ ಸಲ ಹೋದಾಗ ಡಾಕ್ಟರ್ ಸೀದಾ ಕೇಳಿದರು. "ಹೋದ ಸಲದ ಮಾತ್ರೆ ನಿಮ್ಮ ಯಜಮಾನ್ರೂ ತಗೊಂಡ್ರಾ?"

"ಅವ್ರಿಗೆ ಎಂತ ಆತ್ಲೆ ಡಾಕ್ಟ್ರೆ. ಗಟ್ಟಿಮುಟ್ಟಾಗಿ ಒಳೊ."

"ಅದೇ ನೋಡಿ ಇದರ ಕಿತಾಪತಿ! ಟ್ರೈಕೊಮೊನಾಸ್ ಅಂತ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ. ಗಂಡ ಹೆಂಡತಿ ಕೂಡಿದಾಗ ಒಬ್ಬರಿಂದ ಒಬ್ಬರಿಗೆ ಹೋಗುತ್ತೆ. ಹೆಂಗಸರಿಗೆ ಉರಿ, ತುರಿಕೆ. ಗಂಡಸರಲ್ಲಿ ಎಷ್ಟೋ ಸಲ ಏನೂ ತೋರಿಸಿಕೊಳ್ಳಲ್ಲ, ಸುಮ್ಮನೆ ಕೂತಿರುತ್ತೆ. ನೀವೊಬ್ರೇ ವಾಸಿಯಾದ್ರೆ ಅವರಿಂದ ಮತ್ತೆ ನಿಮಗೇ ಬರುತ್ತೆ. ಇಬ್ರೂ ಒಟ್ಟಿಗೆ ಮಾತ್ರೆ ತಗೊಂಡ್ರೆ ಪೂರ್ತಿ ಹೋಗುತ್ತೆ. ಈ ಪಟ್ಟಿ ನಿಮ್ಮದು, ಇದು ಅವರ ಪಾಲಿನದು. ವಿಷಯ ಹೇಳಿ ಕೊಡಿ, ಆಯ್ತಾ? ಅದು ಮುಗಿದು ಒಂದು ವಾರದ ತನಕ ಬೇರೆ ಬೇರೆ ಮಲಗಿ. ಮಾತ್ರೆ ತಗೊಳ್ಳುವಾಗ ಕುಡಿಯೋದು ಬೇಡ."

ವಿಷಯ ಹೇಳಿ ಕೊಡಿ ಎನ್ನುವುದು ಡಾಕ್ಟರಿಗೆ ಸುಲಭ. ಕೂಡುವುದರಿಂದ ಬರುವ ಸೀಕು ಎಂದ ಕೂಡಲೇ ಗಂಡಸು ಕೇಳುವ ಮೊದಲ ಮಾತೇ, ಯಾರಿಂದ ಬಂತು ಎಂದು. ದಮಯಂತಿಯ ಮೊದಲ ಗಂಡ ಟೂರಿಸ್ಟ್ ಜೀಪು ಓಡಿಸುತ್ತಿದ್ದವನು. ರಾತ್ರಿ ಎಲ್ಲಿ ಉಳಿಯುತ್ತಿದ್ದ ಎಂದು ಅವಳು ಕೇಳಿದವಳಲ್ಲ, ಅವನು ಹೇಳಿದವನಲ್ಲ. ಬೋಜಪ್ಪ ತನ್ನನ್ನೇ ಅನುಮಾನಿಸಿದರೆ? ಮತ್ತೆ ಆ ಹಿಂದಿನ ಕೋಣೆಯೇ ಗತಿಯಾದರೆ? ಅದಕ್ಕೇ ಸೊಂಟನೋವು ಎಂದು ಬೇರೆ ಹಾಸಿಗೆ ಹಾಸಿಕೊಂಡಳು, ಬೆಳಗಾದರೆ ಕಾಫಿಗೆ ಮಾತ್ರೆಯ ಪುಡಿ ಬೆರೆಸಿದಳು. ಒಂದು ದಿನವೂ ಅದು ಗಂಡನ ಗಂಟಲಿನಿಂದ ಕೆಳಗಿಳಿಯಲಿಲ್ಲ.

ಬೋಜಪ್ಪನೋ ಸುಮ್ಮನಿರುವ ಗಿರಾಕಿಯಲ್ಲ. ಹುರಿಯುವ ಬಾಣಲೆಯನ್ನು ಬೂದಿ ಹಾಕಿ ತಿಕ್ಕಿದ. ಬೆಲ್ಲ ಬದಲಾಯಿಸಿದ. ಬಾವಿ ನೀರನ್ನು ಮೂಸಿ ನೋಡಿದ. ಕೊನೆಗೆ ಈ ಸಲದ ಬೆಳೆಯೇ ಕೆಟ್ಟಿದೆ ಎಂಬ ತೀರ್ಮಾನಕ್ಕೆ ಬಂದು, ಕಣ ನೋಡಿಕೊಳ್ಳುವ ಉತ್ತಯ್ಯನನ್ನು ಕರೆಸಿದ.

"ನಾಳೆ ಕಾಫಿ ಲಾರಿ ಬರೋದ್ ಬೊತ್ತು, ಬೇಡ ಅಂತ ಫೋನ್ ಮಾಡ್, ಉತ್ತಯ್ಯ. ಈ ಕಾಫಿನ ನಾ ಯಾವ ಮುಖಲಿ ಮಾರೊಕು? ಹೇಳ್, ಕಣಕ್ಕೆ ಎಂತ ಮದ್ದು ಹೊಡ್ದೆ?"

"ದೇವರಾಣೆ ಎಂತ ಇಲ್ಲ ಸಾವ್ಕಾರ್ರೆ!" ಉತ್ತಯ್ಯ ತಲೆಗೆ ಸುತ್ತಿದ್ದ ಬಟ್ಟೆ ತೆಗೆದು ಕೈಯಲ್ಲಿ ಹಿಡಿದುಕೊಂಡ. "ನಾನು ಗುಡಿಸಿದ ಕಣದಲ್ಲಿ ಅನ್ನ ಹಾಕ್ಕೊಂಡು ಉಣ್ಣಬಹುದು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ. ಆ ಮನುಷ್ಯನ ಮುಖ ನೋಡಿ ದಮಯಂತಿಗೆ ತಡೆಯಲಾಗಲಿಲ್ಲ. ಅವಳು ಜಗಲಿಗೆ ಬಂದಳು.

"ಉತ್ತಯ್ಯ, ನೀ ಹೋಗ್. ನಿಂದ್ ಎಂತ ತಪ್ಪಿಲ್ಲೆ."

ಅವನು ಗೇಟು ದಾಟುವ ತನಕ ಕಾದು, ಸೊಂಟದಿಂದ ಮಾತ್ರೆಯ ಪಟ್ಟಿ ತೆಗೆದು ಗಂಡನ ಮುಂದಿಟ್ಟಳು. "ಕಾಫಿ ಕೆಟ್ಟಿತ್ಲೆ. ಕಹಿ ಇದ್ರದ್. ಹಾಕಿದ್ದ್ ನಾನೇ." ಆಮೇಲೆ ಉಸಿರು ಬಿಡದೆ ಎಲ್ಲವನ್ನೂ ಹೇಳಿದಳು. ಡಾಕ್ಟರ್ ಹೇಳಿದ್ದನ್ನು ಡಾಕ್ಟರ್ ಹೇಳಿದ ಹಾಗೆಯೇ ಒಪ್ಪಿಸಿದಳು. ಸ್ರಾವದ ಮಾತು ಬಂದಾಗ ಮಾತ್ರ ಗೋಡೆಯ ಕಡೆ ತಿರುಗಿ ಹೇಳಿದಳು.

ಬೋಜಪ್ಪ ಕತ್ತಿ ತೆಗೆದುಕೊಂಡು ತೋಟಕ್ಕೆ ಹೊರಟುಹೋದ. ಮಧ್ಯಾಹ್ನ ಊಟಕ್ಕೂ ಬರಲಿಲ್ಲ. ಮೇಲಿನ ತೋಟದಲ್ಲಿ ಕೊಂಬೆ ಕಡಿಯುವ ಸದ್ದು ಮಾತ್ರ ಕೇಳುತ್ತಿತ್ತು. ಅಷ್ಟು ಕಡಿಯಲು ಅಲ್ಲಿ ಕೊಂಬೆಗಳಾದರೂ ಎಲ್ಲಿವೆ ಎಂದುಕೊಳ್ಳುತ್ತ ಅವಳು ಆರಿದ ಅನ್ನದ ಮುಂದೆ ಕೂತಿದ್ದಳು. ಅಳು ಬಂತು, ಅತ್ತಳು.

ಸಂಜೆ ಅವನು ಬಂದು ಕೈಕಾಲು ತೊಳೆದ. "ಮತ್ತೆ, ನಿನ್ನ ಸೊಂಟನೋವು?" ಎಂದ.

"ಅದೂ ಸುಳ್ಳ್."

"ಅದೂ ಸುಳ್ಳಾ! ನಾ ದಿನಾ ಎಣ್ಣೆ ಕಾಸಿ ತಿಕ್ಕಿದ್ದ್ ಎಲ್ಲ ದಂಡ!" ಬೋಜಪ್ಪ ಅವಳ ಮುಖ ನೋಡಿದ. ಇಬ್ಬರಿಗೂ ಒಟ್ಟಿಗೇ ನಗು ಬಂತು. ಅವಳದು ಅರ್ಧ ನಗು, ಅರ್ಧ ಅಳು. "ಕಾಫಿಗೆ ಹಾಕೊಕಾ ಮಾರಾಯ್ತಿ? ನಂಗೆ ಹೇಳಿಕೆ ಎಂತ ಹೆದ್ರಿಕೆ? ನಾಳೆ ಆ ಡಾಕ್ಟ್ರ ಹಕ್ಕಲೆ ನನ್ನೂ ಕರ್ಕಂಡ್ ಹೋಗ್."

ಕಾಫಿಯ ಕತೆ ಕೇಳಿ ಡಾಕ್ಟರ್ ಶರಣ್ಯಾ ಮೊದಲು ದಮಯಂತಿಯನ್ನು ಚೆನ್ನಾಗಿ ಬೈದರು. ಹೇಳದೆ ಯಾರಿಗೂ ಮದ್ದು ಹಾಕಬಾರದು, ಅದರಲ್ಲೂ ಸಂಜೆ ಗ್ಲಾಸು ಹಿಡಿಯುವವರಿಗೆ ಎಂದರು. ಬೈದು ಮುಗಿಸಿ ನಕ್ಕರು. ಇಬ್ಬರೂ ಮೊದಲಿನಿಂದ ಶುರು ಮಾಡುವಂತೆ ಹೊಸ ಮಾತ್ರೆ ಬರೆದುಕೊಟ್ಟು, ಮೂರು ತಿಂಗಳಿಗೆ ದಮಯಂತಿ ಇನ್ನೊಮ್ಮೆ ಬಂದು ಪರೀಕ್ಷೆ ಮಾಡಿಸಬೇಕೆಂದರು. ಬೋಜಪ್ಪ ಕುರ್ಚಿಯ ತುದಿಯಲ್ಲಿ ಕೂತು, ಬಹಳ ಹೊತ್ತಿನಿಂದ ನಾಲಿಗೆಯ ತುದಿಯಲ್ಲಿದ್ದುದನ್ನು ಕೇಳಿಯೇಬಿಟ್ಟ.

"ಇದ್ ನಮ್ಮಿಬ್ಬರಲ್ಲಿ ಯಾರಿಂದ ಬಂದದ್, ಡಾಕ್ಟ್ರೆ?"

ದಮಯಂತಿ ನೆಲ ನೋಡಿದಳು.

"ಅದನ್ನ ಹೇಳೋ ಟೆಸ್ಟ್ ಇಲ್ಲ. ತಿಂಗಳುಗಟ್ಟಲೆ, ಕೆಲವು ಸಲ ವರ್ಷಗಟ್ಟಲೆ ಗೊತ್ತಾಗದೆ ಇರಬಹುದು. ನಿಮ್ಮ ತೋಟಕ್ಕೆ ಕಾಂಡ ಕೊರೆಯೋ ಬೋರರ್ ಹುಳ ಬಂದ್ರೆ ಏನು ಮಾಡ್ತೀರಿ? ಯಾರ ತೋಟದಿಂದ ಹಾರಿ ಬಂತು ಅಂತ ಹುಡುಕ್ಕೊಂಡು ಹೋಗ್ತೀರಾ?"

"ಅಷ್ಟರಲ್ಲಿ ಗಿಡ ಎಲ್ಲ ಹೋಗಿರ್ತದೆ," ಎಂದ ಬೋಜಪ್ಪ. ತಲೆಯಾಡಿಸಿ, ಮಾತ್ರೆಯ ಚೀಟಿಯನ್ನು ಮಡಚಿ ಜೇಬಿಗಿಟ್ಟ. ಮನೆಗೆ ಬರುವ ದಾರಿಯಲ್ಲಿ ಅವನು ಆ ಮಾತನ್ನು ಮತ್ತೆ ತೆಗೆಯಲಿಲ್ಲ. ಅವನ ಮನಸ್ಸಿನಲ್ಲಿ ಏನಿದೆಯೋ ಎಂಬ ಅಳುಕು ಮಾತ್ರ ದಮಯಂತಿಗೆ ಹೋಗಲಿಲ್ಲ.

ಆ ಭಾನುವಾರವೇ ಸೋಮಯ್ಯನ ಮನೆಯಲ್ಲಿ ಕಾಫಿ ಹಣ್ಣಿನ ಪಿಕ್ಕಿಂಗ್ ಮುಗಿದ ಖುಷಿಗೆ ಊಟ. ಜಗಲಿಯಲ್ಲಿ ಗಂಡಸರ ಸಾಲು, ಅಡುಗೆಮನೆಯಲ್ಲಿ ಹೆಂಗಸರ ಗಲಾಟೆ. ಸೋಮಯ್ಯ ಬಾಟಲಿ ಹಿಡಿದು ಸಾಲಿನುದ್ದಕ್ಕೂ ಬಂದ. ಬೋಜಪ್ಪ ಗ್ಲಾಸಿನ ಮೇಲೆ ಅಂಗೈ ಮುಚ್ಚಿದ.

"ಎಂತ ಬಾವ, ಬೊತ್ತಾ? ಸೂರ್ಯ ಎಲ್ಲಿ ಹುಟ್ಟಿತ್ ಇವತ್ತ್?"

"ಮದ್ದು ತೆಕ್ಕಂತಾ ಒಳೆ."

"ಹೌದಾ? ದಮಯಂತಿನೂ ಮದ್ದು ಅಂತ ಹೇಳ್ತಿತ್ತ್. ಎಂತ ಸೀಕ್ ಅದ್, ಇಬ್ಬರಿಗೂ ಒಟ್ಟಿಗೇ?"

ಸಾಲಿನಲ್ಲಿದ್ದವರೆಲ್ಲ ಅವರತ್ತ ತಿರುಗಿದರು. ಕಡುಬಿನ ತಟ್ಟೆ ಹಿಡಿದು ಬರುತ್ತಿದ್ದ ದಮಯಂತಿ ಬಾಗಿಲಲ್ಲೇ ನಿಂತಳು.

"ಗಂಡನಿಂದ ಹೆಂಡ್ತಿಗೆ ಅಂಟುವ ಸೀಕ್," ಎಂದ ಬೋಜಪ್ಪ, ಪಲ್ಯಕ್ಕೆ ಉಪ್ಪು ಕಡಿಮೆ ಎನ್ನುವಷ್ಟೇ ಸಲೀಸಾಗಿ. "ನಂಗೆ ಇತ್ತ್. ನಂಗೇ ಗೊತ್ತಿತ್ಲೆ. ನಿನ್ನ ತಂಗೆಗೂ ಅಂಟಿಸಿಬಿಟ್ಟೆ. ಪಾಪ, ಅವ್ಳೇ ಡಾಕ್ಟ್ರ ಹಕ್ಕಲೆ ಹೋಗಿ ಕೇಳಿ, ನಂಗೂ ಮದ್ದು ತಂದದ್. ಈಗ ಇಬ್ಬರಿಗೂ ಗುಣ ಆಗ್ತಾ ಉಟ್ಟು. ಆ ಬಾಟ್ಲಿ ಅತ್ಲಾಗಿ ಕೊಡ್, ಅವು ಕಾಯ್ತಾ ಒಳೊ."

ಸೋಮಯ್ಯ ಬಾಟಲಿ ಹಿಡಿದುಕೊಂಡು ಬಾವನನ್ನೇ ನೋಡಿದ. ಆಮೇಲೆ ಮುಂದಿನವನ ಗ್ಲಾಸಿಗೆ ಬಗ್ಗಿದ. ಜಗಲಿಯ ತುದಿಯಲ್ಲಿ ಯಾರೋ ಮಳೆಯ ಮಾತೆತ್ತಿದರು.

ದಮಯಂತಿ ಸಾಲಿನುದ್ದಕ್ಕೂ ಕಡುಬು ಬಡಿಸಿಕೊಂಡು ಬಂದಳು. ಬೋಜಪ್ಪನ ಎಲೆಯ ಹತ್ತಿರ ಬಂದಾಗ ತಟ್ಟೆಯನ್ನು ನೆಲಕ್ಕಿಟ್ಟಳು. ಒಳಗಿನಿಂದ ಅತ್ತಿಗೆ ಕರೆಯುತ್ತಿದ್ದರೂ ಹೋಗಲಿಲ್ಲ. ಗಂಡಸರ ಸಾಲಿನಲ್ಲಿ ಅವನ ಪಕ್ಕ ಜಾಗ ಮಾಡಿಕೊಂಡು ಕೂತು, ಒಂದು ಎಲೆ ಎಳೆದುಕೊಂಡು ಅದಕ್ಕೆ ನೀರು ಚಿಮುಕಿಸಿದಳು.