ಹೊನ್ನೆಯ ಕೆಂಪು

ಎಂತಹ ಚಳಿ ಮಾರಾಯ್ರೆ, ಈ ಕೋಣೆಯಲ್ಲಿ ಬಂಗುಡೆ ಇಟ್ಟರೂ ವಾರ ಕೆಡಲಿಕ್ಕಿಲ್ಲ ಎಂದುಕೊಂಡಳು ಲೋಲಾಕ್ಷಿ, ಬೆನ್ನಿಗೆ ಒತ್ತುವ ಗಟ್ಟಿ ಹಲಗೆ, ತಲೆಯ ಹಿಂದೆ ಬಾಯಿ ತೆರೆದ ದೊಡ್ಡ ಸ್ಕ್ಯಾನಿಂಗ್ ಮೆಷಿನ್ನು, ಮೊಣಕೈಯ ಒಳಮೈಗೆ ಚುಚ್ಚಿ ಪ್ಲಾಸ್ಟರು ಹಾಕಿದ ಸೂಜಿ — ಅದರ ನಳಿಕೆ ಎಲ್ಲಿಗೆ ಹೋಗುತ್ತದೆಂದು ಕತ್ತು ತಿರುಗಿಸಿದರೆ ನರ್ಸ್ ಫಾಯಿಝಾ, ಅಲ್ಲಾಡಬೇಡಿ ಅಮ್ಮ, ಈಗ ಇದರಲ್ಲಿ ಮದ್ದು ಬಿಡ್ತೇವೆ, ಹೊಟ್ಟೆಯ ಒಳಗಿನದ್ದು ಚೆಂದ ಕಾಣಲಿಕ್ಕೆ, ಮೈಯೆಲ್ಲ ಬಿಸಿ ಆಗ್ತದೆ, ಹೆದರಬೇಡಿ. ಬಿಸಿಗೆ ಯಾರು ಹೆದರುತ್ತಾರೆ, ಅದು ಒಮ್ಮೆ ಕಂಡದ್ದೇ, ಆದರೆ ಈ ಹುಡುಗಿಯ ಮುಂದಿನ ಪ್ರಶ್ನೆ ಉಂಟಲ್ಲ — ಮೊದಲು ಯಾವಾಗಲಾದ್ರೂ ಹೀಗೆ ಮದ್ದು ಕೊಟ್ಟು ಸ್ಕ್ಯಾನ್ ಮಾಡಿದ್ದುಂಟಾ, ಆಗ ಮೈ ತುರಿಸಿದ್ದು, ಬೀಗಿದ್ದು, ಉಸಿರು ಕಟ್ಟಿದ್ದು ಎಂತಾದ್ರೂ? ಹೊರಗೆ ಕಾಯುತ್ತಿರುವ ಮಗ ಮನ್ವಿತ್ ಆಗಲೇ ಹೇಳಿಯಾಗಿತ್ತು, ಅಲರ್ಜಿ ಎಂತದೂ ಇಲ್ಲ ಸಿಸ್ಟರ್, ಅಮ್ಮನಿಗೆ ಸಿಗಡಿ ತಿಂದ್ರೂ ಒಂದು ಗುಳ್ಳೆ ಏಳುವುದಿಲ್ಲ. ಅವಳ ತಲೆಯೂ ತನ್ನಷ್ಟಕ್ಕೇ ಇಲ್ಲವೆಂದು ಆಡಿಬಿಟ್ಟಿತು. ಸುಳ್ಳಲ್ಲ ಅದು, ಅವರಿಬ್ಬರ ಲೆಕ್ಕದಲ್ಲಿ ಆವತ್ತು ಆದದ್ದು ಅಲರ್ಜಿಯೇ ಅಲ್ಲ.

ಆವತ್ತು — ಇದೇ ಹೊಟ್ಟೆನೋವಿಗೆ ಮಂಗಳೂರಿನಲ್ಲಿ ಇಂಥದೇ ಮದ್ದು ಚುಚ್ಚಿಸಿಕೊಂಡು ಮಗನ ಜೊತೆ ಬಸ್ಸಿನಲ್ಲಿ ಬರುತ್ತಿದ್ದಾಳೆ, ಬಂಟ್ವಾಳ ದಾಟುವಾಗ ಹೊಟ್ಟೆಯ ಮೇಲೆ ಸಣ್ಣಗೆ ತುರಿಕೆ, ಪುಂಜಾಲಕಟ್ಟೆಯಲ್ಲಿ ಇಳಿಯುವಷ್ಟರಲ್ಲಿ ಕುತ್ತಿಗೆ, ಬೆನ್ನು, ತುಟಿ ಎಲ್ಲ ಕೆಂಪು ದದ್ದು, ಗಂಟಲಿಗೆ ಯಾರೋ ಹೆಬ್ಬೆರಳು ಒತ್ತಿ ಹಿಡಿದ ಹಾಗೆ — ಸತ್ತೇಹೋದೆ ಎಂದುಕೊಂಡಿದ್ದಳು. ಆದರೆ ಅದರ ಹಿಂದಿನ ದಿನವಷ್ಟೇ ಮನ್ವಿತ್ ನಾಗಬನದ ಅಂಚಿನ ಹೊನ್ನೆ ಮರ ಕಡಿದಿದ್ದ, ರಬ್ಬರ್ ಸಸಿಗಳಿಗೆ ನೆರಳಾಗುತ್ತದಂತೆ, ಬೇಡ ಮಗ, ನಾಗನ ಸುದ್ದಿಗೆ ಹೋಗುವುದು ಬೇಡ ಎಂದರೆ ಕೇಳಿದನೇ, ಅದು ಬನದಿಂದ ಹೊರಗೇ ಉಂಟಲ್ಲ ಅಮ್ಮ, ಕಡಿದಲ್ಲಿಂದ ಕೆಂಪು ಸೊನೆ ಇಳಿದು ಅವನ ಬಲಗೈ ಮೊಣಕೈವರೆಗೆ ನೆತ್ತರಿನ ಹಾಗೆ, ಬಾವಿಕಟ್ಟೆಯಲ್ಲಿ ಕೂರಿಸಿ ತೆಂಗಿನ ನಾರಿನಲ್ಲಿ ಅವಳೇ ತಿಕ್ಕಿದ್ದು, ಸುಲಭದಲ್ಲಿ ಹೋಗುತ್ತದೆಯೇ ಅದು. ಮತ್ತೆ ಕೇಳಬೇಕಾ? ದದ್ದು ಕಂಡದ್ದೇ ಬನದ ಪೂಜೆಯ ಭಟ್ಟರು ಹೇಳಿದರು, ಇದು ನಾಗನದ್ದೇ ಲೋಲಾಕ್ಷಿ, ಮಗ ಮಾಡಿದ್ದು ತಾಯಿಯ ಮೈಗೆ ಬಂತು, ನಾಗನಿಗೆ ಒಂದು ತಂಬಿಲ ಸೇವೆ ಕೊಡುವ, ಅಲ್ಲಿಗೆ ಮುಗಿಯಿತು. ಬನದಲ್ಲಿ ಹಾಲು, ಎಳನೀರು ಎರೆದು ತಂಬಿಲ ಕೊಟ್ಟರು, ದದ್ದು ಇಳಿಯಿತು, ಮೈ ಮೊದಲಿನ ಹಾಗಾಯಿತು. ಅವಳಿಗೆ ಆಗ ಎಷ್ಟು ಸಂತೋಷ! ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದ್ದಳು, ಬಂದದ್ದು ನನಗೇ ಬಂತು, ಹುಡುಗನಿಗೆ ಬರಲಿಲ್ಲ.

ಈಗ ಈ ಹುಡುಗಿ ತುರಿಸಿತ್ತಾ, ಬೀಗಿತ್ತಾ, ಉಸಿರು ಕಟ್ಟಿತ್ತಾ ಎಂದು ಕಣ್ಣಾರೆ ಕಂಡವಳ ಹಾಗೆ ಕೇಳುತ್ತಾಳಲ್ಲ, ಹಾಗಾದರೆ ಅದು ಮದ್ದಿನದ್ದಾ? ಮದ್ದಿನದ್ದಾದರೆ ನಾಗನದ್ದಲ್ಲ, ನಾಗನದ್ದಲ್ಲವಾದರೆ ಮನ್ವಿತ್ ಕಡಿದದ್ದಕ್ಕೆ ಇನ್ನೂ ಬರಲಿಕ್ಕೆ ಉಂಟಾ, ಅವನ ಮೇಲೆಯೇ? ಅಲ್ಲ, ಭಟ್ಟರಿಗೆ ಗೊತ್ತಿಲ್ಲದ್ದಾ — ಆದರೆ ಗಂಟಲು ಕಟ್ಟಿದ್ದು ಮದ್ದು ಚುಚ್ಚಿದ ದಿನವೇ ಅಲ್ಲವಾ, ಎರಡೂ ಹೌದೋ ಏನೋ, ನಾಗನೇ ಮದ್ದಿನ ಒಳಗೆ ಬಂದದ್ದೋ ಏನೋ, ಥತ್, ತಲೆ ಕೆಟ್ಟುಹೋಯಿತು. ಬಾಯಿ ಮುಚ್ಚಿ ಮಲಗಿದರೆ ಮುಗಿದದ್ದು ಮುಗಿದ ಹಾಗೆಯೇ ಇರುತ್ತದೆ. ಹೋದರೆ ತನ್ನ ಜೀವ ಹೋಗಲಿ ಎನ್ನಬೇಕು, ತಾಯಿಯಾದವಳು ಹಾಗೆಯೇ ಎನ್ನಬೇಕು, ಆದರೆ ಹೆದರಿಕೆ ಆಗುತ್ತದೆ, ಸಾಯಲಿಕ್ಕೆ ಮನಸ್ಸಿಲ್ಲ. ಫಾಯಿಝಾ ಗಾಜಿನ ಆಚೆಗೆ ಹೋಗಿಯಾಯಿತು, ಮದ್ದು ಬಿಡುವ ಗುಂಡಿಯ ಹತ್ತಿರ ಕೈ ಇಟ್ಟಾಯಿತು — ಓ ಹುಡುಗೀ, ನಿಲ್ಲಿಸು, ಆಗಿತ್ತು, ಮೈಯೆಲ್ಲ ಬೀಗಿತ್ತು, ಉಸಿರು ಕಟ್ಟಿತ್ತು! ಯಾರು ಕೂಗಿದ್ದು, ಅವಳೇ ಕೂಗಿದ್ದು.

ಓಡಿಬಂದ ಫಾಯಿಝಾ ನಳಿಕೆ ಬಿಡಿಸುತ್ತಿದ್ದಾಳೆ, ಅಯ್ಯೋ ಅಮ್ಮ, ಮೊದಲೇ ಹೇಳುವುದಲ್ವಾ, ಒಮ್ಮೆ ಆದವರಿಗೆ ಇನ್ನೊಮ್ಮೆ ಜೋರಾಗುವುದುಂಟು, ಜೀವಕ್ಕೇ ಬರ್ತದೆ, ಈಗ ಹೇಳಿದ್ದು ಒಳ್ಳೆದಾಯ್ತು, ಅದು ಮದ್ದಿನದ್ದೇ ಇರಬೇಕು, ಇನ್ನು ಯಾವ ಆಸ್ಪತ್ರೆಗೆ ಹೋದ್ರೂ ಇದನ್ನು ಮೊದಲು ಹೇಳಿ, ಡಾಕ್ಟ್ರು ನೋಡ್ತಾರೆ, ಬೇರೆ ಮದ್ದು ಆಗ್ತದಾ, ಮದ್ದಿಲ್ಲದೆಯೇ ಮಾಡುವುದಾ ಅಂತ. ಮದ್ದಿನದ್ದೇ, ನಾಗನದ್ದಲ್ಲ. ಬಾಗಿಲು ತೆರೆದು ಮನ್ವಿತ್ ಬಂದ, ಎಂತಾಯ್ತಮ್ಮ, ಬೊಬ್ಬೆ ಕೇಳಿತು, ಹುಷಾರಿದ್ದೀಯಲ್ಲ, ಅವನ ಕಣ್ಣಲ್ಲಿ ನೀರು. ಎಂತದೂ ಇಲ್ಲ ಮಗ ಎನ್ನಬೇಕು, ಆದರೆ ಅವಳು ಅವನ ಮುಖ ನೋಡುತ್ತಿಲ್ಲ, ತನ್ನ ಹಣೆಯ ಕಡೆಗೆ ಬರುತ್ತಿರುವ ಕೈ ನೋಡುತ್ತಿದ್ದಾಳೆ, ಮಡಚಿದ ಅಂಗಿಯ ತೋಳು, ಒಂದು ಗೀರಿಲ್ಲ, ಒಂದು ಗುಳ್ಳೆಯಿಲ್ಲ, ಏನೂ ಬಾರದ ಕೈ, ಇನ್ನೂ ಬಾರದ ಕೈ — ಅವಳ ಕಣ್ಣಿಗೆ ಮೊಣಕೈವರೆಗೆ ಹೊನ್ನೆಯ ಕೆಂಪು.